ರೊಟ್ಟಿ ಬಡಿಯುವ ಈರವ್ವ ತಲೆ ಬೋಳಿಸಿಕೊಂಡದ್ದು

ದುರ್ಗದ ಬೈಲಿನ ಹತ್ತಿರದ ಖಾನಾವಳಿಯಲ್ಲಿ ಈರವ್ವ ಹನ್ನೊಂದು ವರ್ಷದಿಂದ ಜೋಳದ ರೊಟ್ಟಿ ಬಡಿಯುತ್ತಿದ್ದಳು. ೧೯೬೪ರಲ್ಲಿ ಅವಳ ಕೊರಳಿಗೆ ಗಡ್ಡೆ ಎದ್ದಿತು. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು. ಬಡಿದ ರೊಟ್ಟಿ ಹಂಚು ಮುಟ್ಟುವ ಮೊದಲೇ ಹರಿಯುತ್ತಿತ್ತು. ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟರು. ಎರಡು ತಿಂಗಳಿಗೆ ನಡುಕ ನಿಂತಿತು, ಕೂದಲು ಉದುರತೊಡಗಿತು.

“ಗುಳಿಗೀದ ಪರಿಣಾಮ. ಕೆಲವರಿಗೆ ಹಿಂಗ ಆಗ್ತದ. ಗುಳಿಗಿ ಮಾತ್ರ ಬಿಡಬ್ಯಾಡ,” ಎಂದರು ಡಾಕ್ಟರು.

ಈರವ್ವ ತಲೆಗೆ ಬಿಗಿಯಾಗಿ ಅರಿವೆ ಕಟ್ಟಿಕೊಂಡಳು. ಆದರೂ ಹಿಂಗತ್ತಿನ ಕೂದಲು ಹಿಟ್ಟಿಗೆ ಬೀಳುವುದು ತಪ್ಪಲಿಲ್ಲ. ಒಂದು ಮಧ್ಯಾಹ್ನ ಹನುಮಪ್ಪನೆಂಬ ಗಿರಾಕಿ ರೊಟ್ಟಿಯೊಳಗಿನಿಂದ ಉದ್ದನೆಯ ಕೂದಲೊಂದನ್ನು ಎಳೆದು ಎಲ್ಲರಿಗೂ ತೋರಿಸಿದ.

ಖಾನಾವಳಿಯ ಯಜಮಾನ ಮಹಾದೇವಪ್ಪ ಅವಳನ್ನು ಕರೆದ. “ಗುಳಿಗಿ ಬಿಡು, ಇಲ್ಲಾ ಒಲಿ ಬಿಡು.”

“ಗುಳಿಗಿ ಬಿಟ್ಟರ ಕೈ ನಡಗತಾವ್ರಿ, ಸಾವಕಾರ್ರ. ಆಮ್ಯಾಲೆ ಒಲೀನ ನನ್ನ ಬಿಡತೈತಿ.”

“ಹಂಗಾರ ನಾಳಿಂದ ಬರಬ್ಯಾಡ.”

ಮನೆಗೆ ಬಂದವಳೇ ಗಂಡ ಉಡಚಪ್ಪನಿಗೆ ಹೇಳಿದಳು: “ಉಳಿದದ್ದೂ ಬೋಳಿಸಿಬಿಡ್ರಿ. ಇದ್ದರ ಅಲ್ಲೇನ್ರಿ ಉದುರೂದು?”

ಅವನ ಅಕ್ಕ ಅಕ್ಕವ್ವ ಬಾಯಿ ಬಡಿದುಕೊಂಡಳು. “ಗಂಡ ಗುಂಡಕಲ್ಲಿನಂಗ ಗಟ್ಟಿ ಇರೂವಾಗ ತಲಿ ಬೋಳಸ್ಕೋತಾರೇನ? ಅಷ್ಟೂ ಬೇಕಂದ್ರ ಎಲ್ಲವ್ವಗ ಮುಡಿ ಕೊಟ್ಟೀನಿ ಅನ್ನು. ಯಾರೂ ಪಿಟಕ್ ಅನ್ನಾಂಗಿಲ್ಲ.”

ಈರವ್ವ ದಿನವೂ ದೇವರ ಮುಂದೆ ದೀಪ ಹಚ್ಚಿಯೇ ನೀರು ಕುಡಿಯುವವಳು. “ಆಕಿ ಕೇಳಿಲ್ಲ, ನಾ ಬೇಡಿಕೊಂಡಿಲ್ಲ. ಗುಳಿಗಿ ಕೆಡವಿದ ಕೂದಲಾ ಆಕಿ ಉಡಿಗೆ ಹಾಕಲೇನು?”

ಉಡಚಪ್ಪ ತನ್ನ ಗಡ್ಡದ ಕತ್ತಿ ಮಸೆಯುತ್ತ ಅಂದ: “ಅಕ್ಕಾ, ಸರಿಯಾಗಿ ನೋಡ್ಕೋ. ನಾ ಸತ್ತಿಲ್ಲ. ನಾನ ಬೋಳಸಾಕತ್ತೇನಿ.”

ಮರುದಿನ ಅವಳು ಹಣೆ ತುಂಬ ಕುಂಕುಮ ಇಟ್ಟು, ಕೈ ತುಂಬ ಹಸಿರು ಬಳೆ ತೊಟ್ಟು, ಯಾರನ್ನೂ ಕೇಳದೆ ಖಾನಾವಳಿಯ ಒಲೆಯ ಮುಂದೆ ಕೂತು ತಲೆಯ ಮೇಲಿನ ಸೆರಗು ಜಾರಿಸಿದಳು.

“ಎವ್ವಾ, ಅಪಶಕುನ! ಉಣ್ಣಾಕ ಬಂದವ್ರು ಎದ್ದು ಹೋಗ್ತಾರ,” ಎಂದ ಮಹಾದೇವಪ್ಪ.

“ರೊಟ್ಟಿ ನೋಡಿ ಹೋಗ್ಲಿ, ಬ್ಯಾಡ ಅನ್ನಾಂಗಿಲ್ಲ.”

ಬಿಸಿ ರೊಟ್ಟಿ ಹಿಡಿದು ತಾನೇ ಹೊರಗೆ ಬಂದಳು. ಹನುಮಪ್ಪನ ತಾಟಿಗೆ ಹಾಕಿ, “ನಿನ್ನಿ ಸಿಕ್ಕಿತ್ತಲ್ಲೋ ಅಣ್ಣಾ, ಇವತ್ತೂ ಹುಡುಕು,” ಎಂದಳು.

ಹನುಮಪ್ಪ ಅವಳ ತಲೆ ನೋಡಿದ, ಕುಂಕುಮ ನೋಡಿದ, ರೊಟ್ಟಿ ಮುರಿದ. “ಏನ ಹುಡುಕಲಿ ಯವ್ವಾ? ಹೊಲದಾಗ ಒಂದು ಕಡ್ಡೀನೂ ಉಳಿಸಿಲ್ಲಲ್ಲ ನೀ!”

ಮೊದಲು ನಕ್ಕವಳು ಈರವ್ವನೇ. ಆಮೇಲೆ ಉಳಿದವರು ನಕ್ಕರು. ಇಬ್ಬರು ಮಾತ್ರ ನಗಲಿಲ್ಲ. ಮುಖ ತಿರುವಿ ಎದ್ದು ಹೋದರು.

“ನೋಡಿದೇನು? ಎರಡು ಊಟ ಹೋದವು,” ಎಂದ ಮಹಾದೇವಪ್ಪ.

“ಅವರ ಪಾಲಿಂದು ಈ ಮೆಹಬೂಬ ಉಣ್ತಾನ್ರಿ.”

ಮೂಲೆಯಲ್ಲಿ ಕೂತಿದ್ದ ಹೊಟ್ಟೆಬಾಕ ಗಿರಾಕಿ ಮೆಹಬೂಬ ಆಗಲೇ ತಾಟು ಮುಂದೆ ಮಾಡಿದ್ದ. ಮಹಾದೇವಪ್ಪ ಅವಳನ್ನೊಮ್ಮೆ ದುರುಗುಟ್ಟಿ ನೋಡಿದ. ಒಳಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿ ತೆಗೆದು ಅವಳ ಒಲೆಯ ಮಗ್ಗುಲಿಗಿಟ್ಟ.