ಯುಗಾದಿ ಮಟ ಹಾಕ್ರಿ

ನನ್ನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ, ದಿನ ಬಿಟ್ಟು ದಿನ ಸವಣೂರಿನಿಂದ ಶಿಗ್ಗಾವಿಯ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ ಬರುವುದೇ ನನ್ನ ಬದುಕಾಗಿದೆ. ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ಸೋಸಿಕೊಂಡು ಮತ್ತೆ ಒಳಗೆ ಬರುವ ತನಕ ಏಳುವಂತಿಲ್ಲ. ಸೂಜಿ ಚುಚ್ಚಿದ ಎಡಗೈ ಅಲುಗಿಸುವಂತಿಲ್ಲ. ಎಂಥ ಬೇಸಿಗೆಯಲ್ಲೂ ನೀರು ಅಳೆದೇ ಕುಡಿಯಬೇಕು. ಮದುವೆಗೆ ಕರೆಯಲು ಬಂದವರು "ಎರಡು ದಿನ ಮೊದಲ ಬರ್ರಿ" ಅಂದರೆ ಮೈಯೆಲ್ಲ ಉರಿಯುತ್ತದೆ. ಒಟ್ಟಿಗೆ ಎರಡು ದಿನ ನಾನು ಎಲ್ಲಿಂದ ತರಲಿ?

ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ನಾನು ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುತ್ತೇನೆ. ಕೇಂದ್ರದಲ್ಲಿ ಬಲಗೈ ಒಂದರಿಂದಲೇ ಲ್ಯಾಪ್‌ಟಾಪ್ ಕುಟ್ಟುವುದನ್ನು ಕಂಡು, ರೋಗಿಗಳಿಗೆ ಪುಕ್ಕಟೆ ವಾಹನ ಬಿಡುವ ಟ್ರಸ್ಟಿನ ಮ್ಯಾನೇಜರ್ ಒಂದು ದಿನ ನನ್ನ ಹಾಸಿಗೆಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡರು. ಹಿರೇಕೆರೂರು, ಹಾನಗಲ್ ಕಡೆಯವರಿಗೆ ಒಂದು ಗಾಡಿ, ಸವಣೂರು ಕಡೆಯವರಿಗೆ ಇನ್ನೊಂದು. ಯಾರನ್ನು ಯಾವತ್ತು ಕರೆತರಬೇಕೆಂದು ಚಾಲಕರಿಗೆ ದಿನಾ ಫೋನ್ ಮಾಡಿ ಹೇಳಿ ಅವರಿಗೆ ಸಾಕಾಗಿಹೋಗಿತ್ತು. ಏನಾದರೂ ಮಾಡಿಕೊಡಿ ಎಂದು ಬೆನ್ನು ಬಿದ್ದರು. ಎದ್ದು ಹೋಗೋಣವೆಂದರೆ ಸೂಜಿ ಚುಚ್ಚಿತ್ತು. ಒಪ್ಪಿದೆ.

ಒಮ್ಮೆ ಹೇಳಿಟ್ಟರೆ ತಾನಾಗಿ ಮರಳಿ ಮರಳಿ ನಡೆಯುವ ಕೆಲಸವನ್ನು ವೆಬ್ ಆ್ಯಪಿನಲ್ಲಿ ಕೂರಿಸುವುದು ಅಂಥ ಘನಂದಾರಿ ಕೆಲಸವೇನಲ್ಲ. ಹೆಸರು, ಊರು, ಯಾವ ಯಾವ ವಾರ, ಎಲ್ಲಿಯವರೆಗೆ. ಇಷ್ಟು ತುಂಬಿದರೆ, ಆಯಾ ದಿನ ಬೆಳಿಗ್ಗೆ ಯಾರನ್ನು ಕರೆತರಬೇಕೆಂಬ ಮೆಸೇಜು ಚಾಲಕರ ಮೊಬೈಲಿಗೆ ಹೋಗುತ್ತದೆ. 'ಎಲ್ಲಿಯವರೆಗೆ' ಎಂಬ ಖಾನೆಯನ್ನು ಖಾಲಿ ಬಿಡೋಣ ಅಂದೆ.

"ಕೊನೀ ತಾರೀಖ ಇಲ್ದ ಕೆಲಸಕ್ಕ ಮ್ಯಾಲಿನವ್ರು ಗಾಡಿ ಮಂಜೂರ ಮಾಡಂಗಿಲ್ರಿ," ಅಂದರು ಮ್ಯಾನೇಜರ್.

"ನಮ್ಮ ಕೊನೀ ತಾರೀಖ ಯಾವ್ದಂತ ನಮಗರ ಹೆಂಗ ಗೊತ್ತಾಗಬೇಕ್ರಿ?"

ಅವರು ನಕ್ಕರು. ನಕ್ಕು, ನನ್ನೆದುರೇ ಬಾಟಲಿ ಎತ್ತಿ ಗಟಗಟನೆ ನೀರು ಕುಡಿದರು. ಹಾಳಾಗಿ ಹೋಗಲಿ ಎಂದು, ತಾರೀಖು ತುಂಬದೆ ಮುಂದಕ್ಕೆ ಹೋಗದ ಹಾಗೆ ಮಾಡಿಬಿಟ್ಟೆ.

ಆಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿ, "ಎಲ್ಲಿ ಮಟ ಹಾಕ್ಲಿರಿ?" ಎಂದು ಕೇಳಿದೆ. ಹಿರೇಕೆರೂರಿನ ದರ್ಜಿ "ಯುಗಾದಿ ಮಟ ಹಾಕ್ರಿ" ಅಂದ. ಬಂಕಾಪುರದ ಚಹಾದಂಗಡಿಯವರೂ ಅದನ್ನೇ ಅಂದರು. ನಮ್ಮ ಕಡೆ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದು ಯುಗಾದಿಯಿಂದ ಯುಗಾದಿಗೆ, ವರ್ಷದ ಆಳು ಇಟ್ಟುಕೊಳ್ಳುವುದೂ ಯುಗಾದಿಯಿಂದ ಯುಗಾದಿಗೆ. ಏನೇ ಹಿಡಿದರೂ ಬಿಡುವುದು ಆ ಹಬ್ಬಕ್ಕೇ.

ನನ್ನ ಪಕ್ಕದ ಹಾಸಿಗೆ ಹಾನಗಲ್ ಕಡೆಯ ಹಳ್ಳಿಯ ಮುದುಕಿಯದು. ನಾನು ಅವರನ್ನು ಅವ್ವಾ ಎಂದೇ ಕರೆಯುತ್ತೇನೆ. ಅವರನ್ನೂ ಕೇಳಿದೆ.

"ಯುಗಾದಿ ಮಟ ಹಾಕವಾ. ಅಷ್ಟರಾಗ ನಾ ಆರಾಮ ಆಗಿರ್ತೇನಿ."

ಕಿಡ್ನಿ ಬದಲಿಸದ ಹೊರತು ಇದು ಮುಗಿಯುವಂಥದ್ದಲ್ಲ ಎಂದು ಡಾಕ್ಟರು ನಮಗೆಲ್ಲ ಬಿಡಿಸಿ ಹೇಳಿದ್ದರು. ಈ ವಯಸ್ಸಿನಲ್ಲಿ ಅವರಿಗೆ ಅದು ಆಗುವ ಮಾತಲ್ಲ. ನಮ್ಮ ಮನೆಯಲ್ಲಿ ನನಗೆ ಹೊಂದುವಂಥ ಕಿಡ್ನಿ ಯಾರದೂ ಇಲ್ಲ. ಗೊತ್ತಿದ್ದೂ ಅವ್ವನ ಮುಂದೆ ಬಾಯಿ ಬಿಡಲಿಲ್ಲ. ನನ್ನ ಹೆಸರಿನ ಮುಂದೆಯೂ ಯುಗಾದಿಯನ್ನೇ ಹಾಕಿಕೊಂಡೆ. ಹಬ್ಬ ಹತ್ತಿರ ಬಂದಾಗ ಎಲ್ಲರದನ್ನೂ ಮುಂದಕ್ಕೆ ಹಾಕಿದರಾಯಿತು ಅಂದುಕೊಂಡೆ.

ಹಬ್ಬ ಬಂತು, ಅದೊಂದು ನೆನಪಾಗಲಿಲ್ಲ. ಕೇಂದ್ರಕ್ಕೂ ಎರಡು ದಿನ ರಜೆ ಇದ್ದುದರಿಂದ ಎಲ್ಲರಿಗೂ ಒಂದು ಸರದಿ ತಪ್ಪಿತ್ತು. ಮೂರನೆಯ ದಿನ ಬೆಳಿಗ್ಗೆ ಚೀಲ ಹಿಡಿದು ಸವಣೂರಿನ ಬಸ್‌ ನಿಲ್ದಾಣದಲ್ಲಿ ನಿಂತರೆ ಗಾಡಿಯ ಸುಳಿವೇ ಇಲ್ಲ. ಚಾಲಕನಿಗೆ ಫೋನ್ ಹಚ್ಚಿದೆ.

"ಮೆಸೇಜ ಬಂದಿಲ್ರಿ ಅಕ್ಕಾರ. ಎಲ್ಲಾರೂ ಆರಾಮ ಆದ್ರೇನೋ ಅಂದ್ಕೊಂಡೆ."

ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಎರಡೂ ಗಾಡಿಗಳ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ 'ಮುಗಿದಿದೆ' ಎಂದಿತ್ತು. ಅವ್ವನ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಮಗ.

"ಹಬ್ಬದಾಗ ಹೋಳಿಗಿ ಉಂಡು, ಸೆಕಿ ಅಂತ ತಂಬಿಗಿಗಟ್ಲೆ ಮಜ್ಜಿಗಿ ಕುಡದಾಳ್ರಿ. ಈಗ ಮಲಗಾಕ ಆಗವಲ್ದು, ಉಸಿರು ಎಳ್ಯಾಕತ್ತಾಳ. ಗಾಡಿ ಎಲ್ಲಿ ಐತ್ರಿ?"

ಒಳಗೆ ಸೇರಿದ ನೀರನ್ನು ಯಂತ್ರವೇ ಹೊರಗೆ ತೆಗೆಯಬೇಕು. ತಡವಾದರೆ ಅದು ಶ್ವಾಸಕೋಶಕ್ಕೆ ಏರುತ್ತದೆ. ಹೊಸ ತಾರೀಖು ಹುಡುಕುತ್ತ ಕೂರಲಿಲ್ಲ. ಕೊನೆಯ ತಾರೀಖು ನೋಡುವ ಸಾಲುಗಳನ್ನೇ ಪ್ರೋಗ್ರಾಮಿನಿಂದ ಕಿತ್ತು ಹಾಕಿದೆ. ಮರುಕ್ಷಣ ಎಲ್ಲರ ಹೆಸರೂ ಜೀವಂತವಾದವು, ಮೆಸೇಜು ಹೋಯಿತು. ಹಾನಗಲ್ ಚಾಲಕನಿಗೆ ಫೋನ್ ಮಾಡಿ, "ಮೊದಲ ಅವ್ವನ್ನ ಕರ್ಕೊಂಡು ಹೊಂಡೋ ಮಾರಾಯಾ, ಉಳದವರು ಆಮ್ಯಾಲ" ಎಂದು ಕೂಗಿದೆ. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಾನು ಶಿಗ್ಗಾವಿ ಮುಟ್ಟಿದಾಗ ಅವ್ವನ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿ, ಯಂತ್ರಕ್ಕೆ ಜೋಡಿಸಿದ್ದರು. ತುಟಿ ಕಪ್ಪಗಿದ್ದವು. ಪಕ್ಕದ ಹಾಸಿಗೆಯಲ್ಲಿ ಮಲಗಿ ನಾನು ಅವರ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಅಷ್ಟು ಹೆದರಿಕೆ ನನ್ನ ಕಾಯಿಲೆ ಗೊತ್ತಾದ ದಿನವೂ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಸಿರು ಹದಕ್ಕೆ ಬಂತು. ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು.

"ಗಾಡಿ ಯಾಕ ಬರ್ಲಿಲ್ಲವಾ?"

ಹೇಳಿದೆ. ಇನ್ನು ಮೇಲೆ ಹಾಗಾಗುವುದಿಲ್ಲ, ತಾರೀಖನ್ನೇ ತೆಗೆದಿದ್ದೇನೆ ಅಂದೆ.

"ಅಂದ್ರ ಯಾವಾಗ ಮುಗಿತೈತಿ?"

"ಮುಗ್ಯಾಂಗಿಲ್ರಿ ಅವ್ವಾ. ಗಾಡಿ ಬರಕೋತನ ಇರತೈತಿ."

ಅವರು ಛಾವಣಿ ನೋಡುತ್ತ ಮಲಗಿದರು. ಆಮೇಲೆ ನನ್ನನ್ನು ಬೇಡಿಕೊಳ್ಳುವ ದನಿಯಲ್ಲಿ, "ಬ್ಯಾಡವಾ. ನಂದಕ್ಕ ಒಂದು ತಾರೀಖ ಹಾಕು. ಬರೂ ಯುಗಾದಿ ಹಾಕು" ಅಂದರು.

ಸಿಟ್ಟು ಬಂತು, ಅಳುವೂ ಬಂತು. ಲ್ಯಾಪ್‌ಟಾಪ್ ತೆರೆದು ಅವರಿಗೆ ಕಾಣುವ ಹಾಗೆ ತಿರುಗಿಸಿ, ಅವರ ಹೆಸರಿನ ಮುಂದೆ ಮುಂದಿನ ಯುಗಾದಿಯ ತಾರೀಖನ್ನು ಬರೆದೆ. ಪ್ರೋಗ್ರಾಮು ಇನ್ನು ಅದನ್ನು ಓದುವುದಿಲ್ಲ, ಗಾಡಿ ಬರುತ್ತಲೇ ಇರುತ್ತದೆ. ಅವರು ನೆಮ್ಮದಿಯಿಂದ ತಲೆಯಾಡಿಸಿದರು.

"ನಿಂದೂ ಹಾಕ್ಕೊಂಡ್ಯಾ?"

"ಹಾಕ್ಕೊಂಡೇನ್ರಿ," ಅಂದೆ.

ಹಾಕಿಕೊಂಡಿರಲಿಲ್ಲ.