ಬದುಕಿದ್ದ ಹುಡುಗಿಯ ಬೂಟುಗಳು

ಸುಜಾತಾ, ನೀನು ಸತ್ತುಹೋಗಿದ್ದೀ ಎಂದು ಊರಿಗೆಲ್ಲ ಹೇಳಿದವಳು ನಾನೇ. ಪೇಪರಿನವರಲ್ಲ. ನಿನಗೆ ಒಂಬತ್ತು ವರ್ಷವಿದ್ದಾಗ ಸಾಲೆಯ ಮಕ್ಕಳು ನಿನ್ನನ್ನು ‘ಸತ್ತಾಕಿ ಬಂದ್ಲು’ ಎಂದು ಕೂಗಿ ಓಡಿಹೋಗುತ್ತಿದ್ದರಲ್ಲ — ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ಹನ್ನೊಂದು ವರ್ಷ ಇದನ್ನು ಮುಚ್ಚಿಟ್ಟೆ.

ನನ್ನ ನೆನಪು ನಿನಗಿದೆಯೋ ಇಲ್ಲವೋ. ಬೈಲಹೊಂಗಲದಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಸರೋಜಕ್ಕ ನಾನು. ನಿವೃತ್ತಿಯಾದ ಮೇಲೆ ಒಂದು ಕೆಲಸ ಹಚ್ಚಿಕೊಂಡಿದ್ದೆ — ಮಕ್ಕಳ ಬೂಟುಗಳ ಚಿತ್ರ ಬರೆಯುವುದು. ಮನುಷ್ಯರ ಮುಖ ಬರೆಯುವ ಹಾಗೆ, ಒಂದೊಂದು ಜೋಡಿಗೂ ಒಂದೊಂದು ಕ್ಯಾನ್ವಾಸ್. ಮಕ್ಕಳಿಗೆ ಸಣ್ಣವಾದ ಬೂಟುಗಳನ್ನು ತಾಯಂದಿರು ತಂದುಕೊಡುತ್ತಿದ್ದರು. ಚಿತ್ರಗಳನ್ನು ಮಾರಿ ಬಂದದ್ದೆಲ್ಲ ಹುಟ್ಟಿನಿಂದ ಪಾದ ಸೊಟ್ಟಗಿರುವ ಮಕ್ಕಳ ಚಿಕಿತ್ಸೆಗೆ ಹೋಗುತ್ತಿತ್ತು. ಎಷ್ಟೋ ಮಕ್ಕಳು ಅದರಿಂದ ನೆಟ್ಟಗೆ ನಡೆದರು. ಕೆಲಸ ಒಳ್ಳೆಯದೇ ಇತ್ತು. ಅದಕ್ಕೇ ಅದರ ಮರೆಯಲ್ಲಿ ಇಷ್ಟು ದಿನ ಅಡಗಿ ನಿಲ್ಲಲು ನನಗೆ ಸಾಧ್ಯವಾಯಿತು.

ನಿಮ್ಮವ್ವ ಶಾಂತಾಬಾಯಿ ಆಗ ದೊಡವಾಡದ ಮೇಲೆ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ, ಖಾಕಿ ಅಂಗಿಯಲ್ಲೇ ನನ್ನ ಮನೆಗೆ ಬಂದು, ಚೀಲದಿಂದ ನಿನ್ನ ಕೆಂಪು ಕ್ಯಾನ್ವಾಸ್ ಬೂಟುಗಳನ್ನು ತೆಗೆದು ಮೇಜಿನ ಮೇಲಿಟ್ಟರು.

“ನನ್ನ ಮಗಳ್ವು ಅದಾವ್ರಿ ಅಕ್ಕಾರ. ಹರದಾವಂತ ಬ್ಯಾಡ ಅನಬ್ಯಾಡ್ರಿ. ಸೈಕಲ್ಲಿಗೆ ಬ್ರೇಕ್ ಐತಿ, ಆದ್ರೂ ಕಾಲಿಂದನ ನಿಂದರಸ್ತಾಳ. ಎಷ್ಟ ಬೈದ್ರೂ ಕೇಳಂಗಿಲ್ಲ” ಎಂದು ನಕ್ಕರು.

ಎಡಗಾಲಿನ ಬೂಟಿನ ತುದಿ ಸವೆದು ತೂತಾಗಿತ್ತು. ಎಂಟು ದಿನ ಕುಳಿತು ಬರೆದೆ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಚಿತ್ರ ಮುಂದೆಂದೂ ಬರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೆ — ಸುಜಾತಾ, ದೊಡವಾಡ.

ಕಿತ್ತೂರಿನ ಒಂದು ಕಲ್ಯಾಣ ಮಂಟಪದಲ್ಲಿ ಪ್ರದರ್ಶನ ಇಟ್ಟಿದ್ದೆವು. ಜನ ಬರುತ್ತಿದ್ದರು, ನೋಡುತ್ತಿದ್ದರು, ಚಂದ ಅದಾವ ಎನ್ನುತ್ತಿದ್ದರು, ಹೋಗುತ್ತಿದ್ದರು. ಸವದತ್ತಿಯ ಕಾಳುಕಡಿ ವ್ಯಾಪಾರಿ ಶಿವಪ್ಪನವರು ಮಾತ್ರ ನಿನ್ನ ಬೂಟುಗಳ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ಈ ಕೂಸು ಈಗ ಎಲ್ಲೈತ್ರಿ?”

ದೊಡವಾಡದಲ್ಲಿ ಸೈಕಲ್ ಹೊಡೆಯುತ್ತಿದೆ ಎನ್ನಬಹುದಿತ್ತು. ಎಷ್ಟು ಸುಲಭದ ಮಾತು —

“ಈಗ ಇಲ್ರಿ” ಎಂದೆ.

‘ಇಲ್ಲಿಲ್ಲ’ ಎಂಬ ಅರ್ಥದಲ್ಲಿ ಹೇಳಿದೆ, ಅವರು ತಪ್ಪು ತಿಳಿದರು ಎಂದು ವರ್ಷಗಟ್ಟಲೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಅದೂ ಸುಳ್ಳು. ಅವರು “ಏನಾಗಿತ್ರಿ?” ಎಂದಾಗ “ಜ್ವರ” ಎಂದೆನಲ್ಲ. “ಬಡವ್ರು. ದವಾಖಾನಿಗೆ ಒಯ್ಯೂದು ತಡಾ ಆತು” ಎಂದೆನಲ್ಲ. ಶಿವಪ್ಪನವರ ಕಣ್ಣು ತುಂಬಿತು. ಅದೇ ವರ್ಷ ಅವರ ಮೊಮ್ಮಗಳು ತೀರಿಕೊಂಡಿದ್ದಳಂತೆ. ನಿನ್ನ ಚಿತ್ರ ಕೊಂಡರು, ಉಳಿದವನ್ನು ಕೊಳ್ಳಲು ತಮ್ಮ ಪರಿಚಯದವರನ್ನೂ ಕರೆತಂದರು. ಸಂಜೆಯ ಹೊತ್ತಿಗೆ ಗೋಡೆ ಖಾಲಿಯಾಯಿತು.

ಬೈಲಹೊಂಗಲದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ಮಹಾದೇವ ಅಲ್ಲೇ ನಿಂತು ಕೇಳಿಸಿಕೊಂಡಿದ್ದರು. ನಿನ್ನ ಹೆಸರು, ಊರು, ನಾನು ಹೇಳಿದ ಜ್ವರ, ಎಲ್ಲವನ್ನೂ ಸೇರಿಸಿ ಬರೆದರು. ಪತ್ರಿಕೆಯಲ್ಲಿ ಓದಿದ ಮೇಲಾದರೂ ನಾನು ತಡೆಯಬೇಕಿತ್ತು. ತಡೆಯಲಿಲ್ಲ. ರಾಮದುರ್ಗದ ಪ್ರದರ್ಶನದಲ್ಲಿ ಮೈಕಿನ ಮುಂದೆ ನಿಂತು ನಾನೇ ಆ ಕಥೆ ಹೇಳಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತೆ. ಅದು ನಾಟಕದ ಅಳು ಆಗಿರಲಿಲ್ಲ ಸುಜಾತಾ — ಈಗ ಅದನ್ನು ನೆನೆದರೆ ಹೆಚ್ಚು ನಾಚಿಕೆಯಾಗುತ್ತದೆ.

ಇನ್ನೊಂದು ಮಾತು. ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ. ಕಿತ್ತೂರಿನಲ್ಲಿ ನಿನ್ನ ಚಿತ್ರದ ಪಕ್ಕದಲ್ಲೇ ನನ್ನ ಅಣ್ಣನ ಮೊಮ್ಮಗನ ಬೂಟುಗಳ ಚಿತ್ರವಿತ್ತು. ಅವೂ ಹರಿದಿದ್ದವು. ಶಿವಪ್ಪನವರು ಅದರ ಮುಂದೆ ನಿಂತು ಅದೇ ಪ್ರಶ್ನೆ ಕೇಳಿದ್ದರೆ? ‘ಈಗ ಇಲ್ಲ’ ಎನ್ನುವುದಿರಲಿ, ಯಾರಾದರೂ ಹಾಗೆಂದರೆ ಬಿಡ್ತು ಅನ್ನಿ ಎಂದು ಗದರುತ್ತಿದ್ದೆ. ನಿನ್ನ ವಿಷಯದಲ್ಲಿ ಅದು ಯಾಕೆ ಅಷ್ಟು ಸಲೀಸಾಗಿ ಬಂತು? ನಿಮ್ಮ ಓಣಿ ಯಾವುದು, ನಿಮ್ಮ ಜನ ಯಾರು ಎಂಬುದು ನನಗೆ ಗೊತ್ತಿತ್ತು. ಅಲ್ಲಿಯ ಮಗು ಸತ್ತಿತೆಂದರೆ ಜನ ನಂಬುತ್ತಾರೆ, ಯಾರೂ ವಿಚಾರಿಸಲು ಹೋಗುವುದಿಲ್ಲ ಎಂದು ನನ್ನೊಳಗೆ ಯಾವುದೋ ಒಂದು — ಇಲ್ಲ, ‘ಯಾವುದೋ ಒಂದು’ ಅಲ್ಲ. ನಾನೇ. ನಾನೇ ಹಾಗೆ ಲೆಕ್ಕ ಹಾಕಿದ್ದೆ.

ನಿಮ್ಮವ್ವ ಪೇಪರಿನ ತುಂಡು ಹಿಡಿದು, ನಿನ್ನನ್ನೂ ಕರೆದುಕೊಂಡು ನನ್ನ ಮನೆಗೆ ಬಂದರು. ಒಳಗೆ ಬಂದವರೇ ನಿನ್ನನ್ನು ನನ್ನ ಮುಂದೆ ನಿಲ್ಲಿಸಿದರು.

“ಅಕ್ಕಾರ, ಈಕಿನ್ನ ಮುಟ್ಟಿ ನೋಡ್ರಿ. ಜೀವಂತ ಅದಾಳಲ್ರಿ? ಸಾಲಿಗೆ ಹೋಗಂಗಿಲ್ಲಂತ ಅಳಾಕ ಹತ್ತ್ಯಾಳ.”

ನಿನ್ನ ತಲೆಯ ಮೇಲೆ ಕೈಯಿಟ್ಟೆ. ಬಿಸಿಲಲ್ಲಿ ಬಂದದ್ದಕ್ಕೆ ಕೂದಲು ಬೆಚ್ಚಗಿತ್ತು. ಆ ಕೈ ಅಲ್ಲೇ ಇರುವಾಗ ಹೇಳಿದೆ:

“ಪೇಪರದಾವ್ರು ತಪ್ಪ ಬರದಾರವ್ವ. ನಾ ಹಂಗ ಅಂದ ಇಲ್ಲ.”

ನಿಮ್ಮವ್ವನ ಮುಖ ಸಡಿಲಾಯಿತು. “ನೀವ ಅಂದೀರೇನೋ ಅಂತ ತಿಳದಿದ್ನಿ. ತಪ್ಪ ತಿಳೀಬ್ಯಾಡ್ರಿ ಅಕ್ಕಾರ” ಎಂದು ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಮುಟ್ಟಿಸಿಕೊಂಡೆ. ನೀನು ನನ್ನ ಬ್ರಷ್ಷುಗಳನ್ನು ನೋಡುತ್ತ, ನಿನ್ನ ಚಿತ್ರ ಈಗ ಎಲ್ಲಿದೆ ಎಂದು ಕೇಳಿದೆ. ಸವದತ್ತಿಯಲ್ಲಿ, ದೊಡ್ಡವರ ಮನೆಯಲ್ಲಿ ಎಂದೆ. ನಿನಗೆ ಖುಷಿಯಾಯಿತು.

ಅಲ್ಲಿಂದ ನಿಮ್ಮವ್ವ ಸೀದಾ ಮಹಾದೇವರ ಅಂಗಡಿಗೆ ಹೋಗಿ ನಾಲ್ಕು ಜನರ ಮುಂದೆ ಅವರನ್ನು ಬೈದರಂತೆ. ಸಂಜೆ ಮಹಾದೇವ ಬಂದರು. ಹೊರಗೇ ನಿಂತು ಕೇಳಿದರು:

“ನೀವ ಹೇಳಿದ್ದಲ್ರಿ ಅಕ್ಕಾರ?”

ನಾನು ನೆಲ ನೋಡುತ್ತಿದ್ದೆ.

“ಇರ್ಲಿ ಬಿಡ್ರಿ. ನನ್ನ ತಪ್ಪಂತ ಹಾಕ್ತೇನಿ. ಆ ಕೂಸುಗಳ ಕೆಲಸ ನಿಲ್ಲಬಾರದು.”

ಬೇಡ ಎನ್ನಲಿಲ್ಲ ನಾನು. ಮರುದಿನ ನಾಲ್ಕು ಸಾಲಿನ ತಿದ್ದುಪಡಿ ಬಂತು. ಆಮೇಲೆ ಆ ಪತ್ರಿಕೆ ಅವರ ಸುದ್ದಿ ತೆಗೆದುಕೊಳ್ಳಲಿಲ್ಲ. ದಾರಿಯಲ್ಲಿ ಕಂಡಾಗಲೆಲ್ಲ ಅವರೇ ಮೊದಲು ಕೈ ಮುಗಿಯುತ್ತಿದ್ದರು. ನಾನು ಆ ಅಂಗಡಿಯ ಮುಂದೆ ಹೋಗುವುದನ್ನೇ ಬಿಟ್ಟೆ.

ಮೊನ್ನೆ ಯುಗಾದಿಗೆ ಮುಂಚೆ ಮಹಾದೇವ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ನನ್ನ ಹಿಂದೆ ನಿಂತ ಯಾರೋ, “ಸುಳ್ಳ ಸುದ್ದಿ ಕೊಟ್ಟು ಪೇಪರ್ ಕೆಲಸ ಕಳಕೊಂಡಾಂವ ಇವನ ಅಲ್ಲ?” ಎಂದರು. ಮಹಾದೇವರ ಹೆಂಡತಿ ಅಲ್ಲೇ ಕುಳಿತಿದ್ದರು, ಅವರಿಗೂ ಕೇಳಿಸಿತು. ನಾನು ಆಗಲೂ ಬಾಯಿ ಬಿಡಲಿಲ್ಲ.

ಮನೆಗೆ ಬಂದೆ. ಮರುದಿನ ಸವದತ್ತಿಗೆ ಹೋದೆ. ಶಿವಪ್ಪನವರಿಗೆ ಈಗ ವಯಸ್ಸಾಗಿದೆ. ನಿನ್ನ ಚಿತ್ರ ಅವರ ದೇವರ ಕೋಣೆಯಲ್ಲಿ, ಮೊಮ್ಮಗಳ ಫೋಟೊದ ಪಕ್ಕದಲ್ಲಿದೆ. ಎರಡಕ್ಕೂ ಮಲ್ಲಿಗೆ ಮಾಲೆ. ತಿದ್ದುಪಡಿಯ ಆ ನಾಲ್ಕು ಸಾಲು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಎಲ್ಲ ಹೇಳಿದೆ. ಅವರು ಎದ್ದು ನಿನ್ನ ಚಿತ್ರದ ಮೇಲಿನ ಮಾಲೆ ತೆಗೆದರು.

“ಬದುಕಿದ ಕೂಸಿಗೆ ದಿನಾ ಹೂವ ಏರಿಸಿದ್ನಲ್ರಿ… ನನ್ನ ಕೈಲೆ ಎಂಥಾ ಕೆಲಸ ಮಾಡಿಸಿದ್ರಿ” ಎಂದರು. ಮಾಲೆಯನ್ನು ಪಕ್ಕಕ್ಕಿಟ್ಟು ಮತ್ತೆ ಹೇಳಿದರು, “ನನಗ ಯಾಕ ಮೊದಲ ಹೇಳಾಕ ಬಂದ್ರಿ? ಆ ಹುಡಗೀಗೆ ಹೇಳ್ರಿ ಹೋಗ್ರಿ.”

ಹೌದು, ನಿನಗೇ ಮೊದಲು ಹೇಳಬೇಕಿತ್ತು. ಅದರಲ್ಲೂ ತಪ್ಪಿದೆ.

ಪತ್ರಿಕೆಗೆ ಕೊಡಲು ನನ್ನ ಹೆಸರು ಹಾಕಿ ಹೇಳಿಕೆ ಬರೆದಿಟ್ಟಿದ್ದೇನೆ. ಸುಳ್ಳು ಹೇಳಿದವಳು ನಾನು, ಮಹಾದೇವ ಅಲ್ಲ ಎಂದು ಅದರಲ್ಲಿದೆ. ನಿನ್ನ ಹೆಸರಿಲ್ಲ. ನೀನು ಒಪ್ಪದೆ ಅದು ಅಚ್ಚಾಗುವುದಿಲ್ಲ. ಮಹಾದೇವರ ಹೆಂಡತಿಯ ಮನೆಗೆ ಮಾತ್ರ ನಾನು ಹೋಗಲೇಬೇಕು, ಹೋಗುತ್ತೇನೆ. ನೀನು ಧಾರವಾಡದಲ್ಲಿ ಓದುತ್ತಿದ್ದೀ, ಭಾನುವಾರ ಊರಿಗೆ ಬರುತ್ತೀ ಎಂದು ಕೇಳಿದೆ. ಈ ಕಾಗದ ಅದಕ್ಕಿಂತ ಮೊದಲು ನಿನ್ನ ಕೈ ಸೇರಬಹುದು. ಆದರೂ ಕಾಗದದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಭಾನುವಾರ ಬೆಳಗಿನ ಬಸ್ಸಿಗೆ ದೊಡವಾಡಕ್ಕೆ ಬರುತ್ತೇನೆ. ನಿಮ್ಮವ್ವನ ಎದುರಿಗೆ, ನಿನ್ನ ಎದುರಿಗೆ, ಬಾಯಿಬಿಟ್ಟು ಹೇಳುತ್ತೇನೆ. ನೀವು ಕೂಡ್ರಿ ಎನ್ನದಿದ್ದರೆ ನಿಂತುಕೊಂಡೇ ಹೇಳುತ್ತೇನೆ.