ಕೈ ಎತ್ತಿದವರಿಗೆ ನಿಲ್ಲುವ ಕಾರು

ಕೊಲಂಬೋ ರೇವಿನ ಹೊರಗೆ ಸಾಲಾಗಿ ಕಾರುಗಳು ನಿಂತಿದ್ದವು, ಒಂದು ನರಪಿಳ್ಳೆಯೂ ಅವುಗಳ ಕಡೆ ತಿರುಗಿ ನೋಡುತ್ತಿರಲಿಲ್ಲ. ನನಗೆ ದಿಗಿಲಾಯಿತು. ನಮ್ಮ ಕೊಳಾಲಕ್ಕೆ ಮೋಟಾರು ಬಂತೆಂದರೆ ಒಲೆಯ ಮೇಲೆ ಎಸರಿಟ್ಟ ಹೆಂಗಸರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಇಲ್ಲೋ, ಫಳಫಳ ಹೊಳೆಯುವ ಕರೀ ಗಾಡಿಯೊಂದರ ಮೂತಿಯ ಮೇಲೆ ಯಾವನೋ ಕೂಲಿಯವನು ಒದ್ದೆ ಅಂಗಿ ಒಣಹಾಕಿದ್ದ! ಅಯ್ಯೋ ಪಾಪಿ, ಅಂದುಕೊಂಡೆ. ಟ್ರಂಕನ್ನು ನೆಲಕ್ಕಿಟ್ಟು ಒಂದೊಂದೇ ಕಾರನ್ನು ಸುತ್ತು ಹಾಕಿದೆ. ದೀಪ ಮುಟ್ಟಿದೆ, ಚಕ್ರದ ಕಡ್ಡಿ ಸವರಿದೆ, ಬಗ್ಗಿ ಅಡಿಯಲ್ಲೂ ಇಣುಕಿದೆ. ಪೊಲೀಸಿನವನು ಬಂದು ಗದರಿಸುವವರೆಗೂ ಪರದೇಶಕ್ಕೆ ಬಂದಿದ್ದೇನೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಈ ಹುಚ್ಚು ಹಿಡಿಸಿದವರು ಪಾವಗಡದ ಸಂಜೀವಣ್ಣ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಸರ್ವಿಸ್ ಬಸ್ಸಿನ ಡ್ರೈವರು. ಅವರ ಪಕ್ಕದಲ್ಲಿ ಕೂತು, ಧೂಳು ತಿಂದು, ಬೈಸಿಕೊಂಡು ಗಾಡಿ ಕಲಿತೆ. ಆಮೇಲೆ ಶಿರಾದ ಹಯಾತ್ ಸಾಬರು ನನ್ನನ್ನು ಸಿಂಹಳಕ್ಕೆ ಕರೆಸಿಕೊಂಡರು. ಕ್ಯಾಂಡಿ ಎನ್ನುವ ಬೆಟ್ಟದೂರಿನಲ್ಲಿ ಅವರಿಗೆ ಬಟ್ಟೆ ಅಂಗಡಿ. ಹೊಸದಾಗಿ ಒಂದು ಆಸ್ಟಿನ್ ಕಾರು ಕೊಂಡಿದ್ದರು. ನನ್ನ ಬಳಿ ಇದ್ದ ಮೈಸೂರಿನ ಲೈಸೆನ್ಸು ಅಲ್ಲಿ ನಡೆಯದು, ಅಲ್ಲಿನ ಪರೀಕ್ಷೆಯಲ್ಲೇ ಪಾಸಾಗಬೇಕು. ಆಗದಿದ್ದರೆ ಬಂದ ಹಡಗಿನಲ್ಲೇ ವಾಪಸ್ಸು.

ಅಂಗಡಿಯ ಹಿಂದೆ ನನಗೊಂದು ಕೋಣೆ ಕೊಟ್ಟರು. ನಮ್ಮ ಕಡೆ ಮೋಡ ಕಂಡರೆ ಕೈ ಮುಗಿಯುತ್ತೇವೆ. ಇಲ್ಲಿ ಬೆಳಗಿಂದ ಸಂಜೆತನಕ ಅದೇ ಜಿಟಿಜಿಟಿ. ಪೆಟ್ಟಿಗೆಯಲ್ಲಿಟ್ಟ ಅಂಗಿಗೂ ಬೂಷ್ಟು ಹಿಡಿಯುತ್ತಿತ್ತು. ಕಾರಿಗೆ ಮಾತ್ರ ಈ ಊರು ಸ್ವರ್ಗ, ಧೂಳೆಂಬುದೇ ಇಲ್ಲ. ಒರೆಸುವ ಕೆಲಸ ಇಲ್ಲದೆ ನನಗೇ ಬೇಜಾರಾಗುತ್ತಿತ್ತು. ಭಾಷೆ ಬಾರದು. ಊಟಕ್ಕೆ ಮೂರು ಹೊತ್ತೂ ಅನ್ನ, ತೆಂಗಿನ ತುರಿಗೆ ಮೆಣಸಿನಕಾಯಿ ಅರೆದು ಮಾಡಿದ ಪೊಲ್ ಸಂಬೋಲ. ಒಂದು ದಿನ ಸಾಬರ ಹೆಂಡತಿ ಫಾತಿಮಕ್ಕ ತಟ್ಟೆಯಲ್ಲಿ ಬಿಸಿಬಿಸಿ ಮುದ್ದೆ ತಂದಿಟ್ಟರು.

“ಇವ್ರು ಕುರಕ್ಕನ್ ಅಂತಾರೆ ಬೇಟಾ, ನಮ್ ರಾಗೀನೇ ಕಣೋ! ಸಂತೇಲಿ ಸಿಕ್ಬುಡ್ತು. ಅಳ್ಬ್ಯಾಡ, ಉಣ್ಣು.”

ನಾನು ಅತ್ತೆ, ಉಂಡೆ. ಆ ತಾಯಿಯ ಋಣ ತೀರಿಸಲು ನನ್ನಿಂದಾಗದು.

ಪರೀಕ್ಷೆಯ ಬೆಳಿಗ್ಗೆ ಸಾಬರು ನನಗಿಂತ ಹೆಚ್ಚು ಬೆವರುತ್ತಿದ್ದರು. “ಲೇ ರಂಗ, ಫೇಲಾಗ್ಬುಟ್ಟೀಯ ಮತ್ತೆ. ಕಾರ್ ನಡ್ಸೋಕೆ ಬ್ಯಾರೇವ್ನ ಇಟ್ಕೊಂಡ್ ಮ್ಯಾಲೆ ನಿನ್ನ ಇಲ್ಲಿ ಹೆಂಗ್ಲಾ ಇಟ್ಕಳ್ಳಿ? ಖುದಾನ ಮ್ಯಾಲೆ ಭಾರ ಹಾಕು, ಬ್ರೇಕ್ ಮ್ಯಾಲೆ ಕಾಲಿಡು.”

ಪರೀಕ್ಷೆ ಮಾಡಲು ಬಂದದ್ದು ಬಿಳೀ ಕೋಟಿನ ಸಿಂಹಳೀಯ ಅಧಿಕಾರಿ. ಅವರಿಗೂ ನನಗೂ ನಡುವೆ ಇದ್ದದ್ದು ಅರ್ಧಂಬರ್ಧ ತಮಿಳು. ನನ್ನ ಪಕ್ಕದಲ್ಲಿ ಕೂತು, ಕೆರೆಯ ದಂಡೆ ಸುತ್ತು ಅಂದರು, ಸುತ್ತಿದೆ. ಹಿಂದಕ್ಕೆ ಬಿಡು ಅಂದರು, ಬಿಟ್ಟೆ. ಎಲ್ಲ ಸಲೀಸಾಗಿ ನಡೆದಿತ್ತು. ಬೆಟ್ಟದ ರಸ್ತೆಗೆ ತಿರುಗುವ ಕಡೆ ಒಬ್ಬ ಮುದುಕಿ ಸೊಂಟದ ಮೇಲೆ ಹಲಸಿನಕಾಯಿ ಹೊತ್ತು ನಿಂತಿದ್ದಳು. ಕೈ ಎತ್ತಿದಳು. ನಾನು ಗಾಡಿ ನಿಲ್ಲಿಸಿದೆ. ಇಳಿದು ಹಿಂದಿನ ಬಾಗಿಲು ತೆಗೆದು, “ಹತ್ತಜ್ಜಿ” ಎಂದು ಕನ್ನಡದಲ್ಲೇ ಹೇಳಿ, ಅವಳನ್ನೂ ಹಲಸಿನಕಾಯಿಯನ್ನೂ ಒಳಗೆ ಕೂರಿಸಿದೆ.

ನಗಬೇಡಿ. ಮಧುಗಿರಿ ಬಿಟ್ಟು ಪಾವಗಡದ ದಾರಿ ಹಿಡಿದವರಿಗೆ ಇದು ಗೊತ್ತು. ನೆರಳಿಲ್ಲ, ನೀರಿಲ್ಲ, ಬಸ್ಸು ದಿನಕ್ಕೊಂದು. ಸಂಜೀವಣ್ಣ ಗೇರು ಕಲಿಸುವ ಮೊದಲು ಕಲಿಸಿದ್ದು ಇದನ್ನೇ: “ಒರೇಯ್, ಮನ್ಸ ಕೈ ಎತ್ತವ್ನೆ, ಆಪು ರಾ, ನಿಲ್ಸು! ಬುಟ್ಟೋದ್ರೆ ನಾಳೆಗಂಟ ಅಲ್ಲೇ ನಿಂತಿರ್ತಾನೆ.” ಸೀಟು ಇದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಮೊದಲು ನಿಲ್ಲಿಸಬೇಕು.

ಅಧಿಕಾರಿಯ ಮುಖ ಕೆಂಪಾಗಿತ್ತು. “ಇದು ಸರ್ಕಾರದ ಪರೀಕ್ಷೆ. ಬಾಡಿಗೆ ಗಾಡಿ ಅಂದುಕೊಂಡೆಯಾ?” ಎಂದರು. ಅವರು ವಿಚಾರಿಸಿದರೆ, ಮುದುಕಿ ಕೈ ಎತ್ತಿದ್ದು ನಮ್ಮ ಹಿಂದೆ ಬರುತ್ತಿದ್ದ ಎತ್ತಿನ ಗಾಡಿಗಂತೆ! ಕತೆ ಮುಗಿಯಿತು, ಟ್ರಂಕು ಕಟ್ಟುವುದೇ ಇನ್ನು ಅಂದುಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಮುದುಕಿ, ಅಧಿಕಾರಿಯೇ ಕಾರಿನ ಯಜಮಾನರೆಂದು ತಿಳಿದು, ಎರಡೂ ಕೈ ಜೋಡಿಸಿ, “ಪಿನ್ ಸಿದ್ಧ ವೆನವಾ, ಮಹತ್ತಯಾ” ಅಂದಳು. ಸ್ವಾಮಿ, ನಿಮಗೆ ಪುಣ್ಯ ಬರುತ್ತದೆ ಎಂದರ್ಥ. ಉಪಕಾರ ಮಾಡಿದವರಿಗೆ ಇಲ್ಲಿನ ಜನ ಹೇಳುವ ಮಾತು. ಅವಳು ಹೇಳಿದ್ದನ್ನು ಅಧಿಕಾರಿ ತಮಿಳಿನಲ್ಲಿ ತಿಳಿಸಿದರು: ಮಗಳಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆಯಂತೆ, ಮೊಮ್ಮಗುವನ್ನು ನೋಡಲು ಹೊರಟಿದ್ದಾಳಂತೆ. ತಾವು ಮಾಡದ ಪುಣ್ಯವನ್ನು ಏನು ಮಾಡಬೇಕೋ ತಿಳಿಯದೆ ಅವರು ಕೋಟಿನ ಗುಂಡಿ ಸರಿಮಾಡಿಕೊಂಡರು.

“ಆಸ್ಪತ್ರೆ ಮೇಲುಗಡೆ ಇದೆ. ನಡೆಸು,” ಅಂದರು.

ಏರು ಕಡಿದಾಗಿತ್ತು, ಗಾಡಿ ತುಂಬಿತ್ತು, ನಡುವೆ ಎಮ್ಮೆಯೊಂದು ಅಡ್ಡ ನಿಂತಿತು. ಏರಿನಲ್ಲೇ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಎತ್ತಿದೆ. ಆಸ್ಪತ್ರೆಯ ಮುಂದೆ ಅಧಿಕಾರಿಯೇ ಇಳಿದು ಹಲಸಿನಕಾಯಿ ಎತ್ತಿಕೊಟ್ಟರು. ಕೋಟಿನ ತೋಳಿಗೆ ಅಂಟು ಮೆತ್ತಿಕೊಂಡಿತು. ವಾಪಸ್ಸು ಬಂದು ಕಚೇರಿಯ ಮುಂದೆ ನಿಲ್ಲಿಸಿದ ಮೇಲೆ ಹೇಳಿದರು: “ಕೈ ಪಳಗಿದೆ, ಪಾಸು ಮಾಡುತ್ತೇನೆ. ಆದರೆ ಇನ್ನು ಯಾರು ಕೈ ಎತ್ತಿದರೂ ನಿಲ್ಲಿಸಕೂಡದು. ಇಲ್ಲಿ ಬಸ್ಸಿದೆ, ರೈಲಿದೆ. ಜನ ಕಾಯುತ್ತಾರೆ.” ಆಗಲಿ ಸ್ವಾಮಿ ಅಂದೆ. ಅವರ ಹೊಟ್ಟೆ ತಣ್ಣಗಿರಲಿ.

ಆ ಲೈಸೆನ್ಸಿನಿಂದ ನನಗೆ ಈ ಊರು ಸಿಕ್ಕಿತು. ಸಾಬರ ಆಸ್ಟಿನ್ ಅಷ್ಟೇ ಅಲ್ಲ, ಟೀ ತೋಟದ ದೊರೆಗಳ ದೊಡ್ಡ ದೊಡ್ಡ ಗಾಡಿಗಳನ್ನೂ ಈ ಕೈಯಿಂದ ಓಡಿಸಿದ್ದೇನೆ. ಮೊದಮೊದಲು ರಸ್ತೆ ಬದಿಯಲ್ಲಿ ಕೈ ಕಂಡಾಗಲೆಲ್ಲ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು, ಕಷ್ಟಪಟ್ಟು ತಡೆಯುತ್ತಿದ್ದೆ. ಬರಬರುತ್ತಾ ತಡೆಯಬೇಕಾಗಿಯೇ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಸಂಜೀವಣ್ಣನ ಕಾಲಿಗೆ ಬಿದ್ದು ಬರೋಣವೆಂದು ಮಧುಗಿರಿಯಲ್ಲಿ ಪಾವಗಡದ ಬಸ್ಸು ಹತ್ತಿದೆ. ಡ್ರೈವರು ಹೊಸಬ. ಬೇವಿನ ಮರದ ಹತ್ತಿರ ಒಂದು ಕೈ, ನಿಲ್ಲಿಸಿದ. ಹಳ್ಳದ ಹತ್ತಿರ ಇನ್ನೊಂದು, ನಿಲ್ಲಿಸಿದ. ಮತ್ತೆ ಬುಟ್ಟಿ ಹೊತ್ತ ಒಬ್ಬ ಅಜ್ಜಿಗೆ ನಿಲ್ಲಿಸಿದಾಗ ನನಗೆ ರೇಗಿಹೋಯಿತು.

“ಏನ್ರೀ ಇದು, ಹಿಂಗೆ ಕಂಡೋರಿಗೆಲ್ಲ ನಿಲ್ಸ್ತಾ ಹೋದ್ರೆ ಪಾವಗಡ ಸೇರೋದು ಯಾವಾಗ?”

ಬಸ್ಸೆಲ್ಲ ನನ್ನ ಕಡೆ ತಿರುಗಿತು. ಡ್ರೈವರು ಸಿಟ್ಟಾಗಲಿಲ್ಲ. “ಯಾವೂರು ಸ್ವಾಮಿ ನಿಮ್ದು?” ಎಂದು ಕೇಳಿದ.

ಕೊಳಾಲ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಕ್ಯಾಂಡಿ.

ಆಗತಾನೆ ಹತ್ತಿದ ಅಜ್ಜಿ ಏದುಸಿರು ಬಿಡುತ್ತಾ ನನ್ನ ಮುಖವನ್ನೇ ನೋಡಿದಳು. “ಅದೆಲ್ಲೈತಪ್ಪಾ? ಸಿರಾದಿಂದ ಆಚ್ಗಾ?”

“ಹೂಂ ಕಣವ್ವ, ವಸಿ ಆಚ್ಗೆ,” ಅಂದೆ, ಸರಿದು ಅವಳಿಗೆ ಜಾಗ ಕೊಟ್ಟೆ.